ಮೂರನೆಯ ಮೆಟ್ಟಿಲಿನ ಹೂಕುಂಡ

ಪ್ರೀತಿಯ ಮಿಸ್ ಅರ್ಲೀನ್,

ಮಿಸಿಸಿಪ್ಪಿಯ ಸೆಕೆಗೆ ನಿಮ್ಮ ಮೊಣಕಾಲು ನೋವು ಇಳಿಯಿತೇ? ನಿಮ್ಮ ಕಣ್ಣು ಪೂರ್ತಿ ಮಂಜಾಗಿದೆ, ಪತ್ರ ಬಂದರೆ ತಾನೇ ಓದಿ ಹೇಳುತ್ತೇನೆಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದರು. ಓದಲಿ. ನಡುವೆ ಏನನ್ನೂ ನುಂಗಿಕೊಳ್ಳದೆ ಓದಲಿ. ಒಂಬತ್ತು ವರ್ಷ ನುಂಗಿಕೊಂಡವಳು ನಾನೊಬ್ಬಳಿದ್ದೇನಲ್ಲ, ಅಷ್ಟು ಸಾಕು.

ಆಗ ನಮ್ಮ ಬೀದಿ ಸಂಘಕ್ಕೆ ನೀವು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಕಾರು ತೊಳೆಯಬಾರದು, ಹುಲ್ಲಿನ ಮೇಲೆ ಚೆಂಡಾಡಬಾರದು ಎಂದು ನೀವು ಬರೆಸಿದ ಬೋರ್ಡು ಮೂಲೆಯಲ್ಲಿ ಇನ್ನೂ ಇದೆ. "ಬಡವ್ರಾದ್ರೇನೇ ಕ್ಲಾಡೆಟ್, ಕೊಳಕರಾಗ್ಬೇಕು ಅಂತ ಯಾವ ಬೈಬಲ್‌ನಲ್ಲಿ ಬರ್ದಿದೆ?" ಎನ್ನುತ್ತಿದ್ದಿರಿ. ಶಾಲೆಯ ಅಡುಗೆಮನೆಯಲ್ಲಿ ದಿನವೆಲ್ಲ ನಿಂತು ಮಕ್ಕಳಿಗೆ ಬಡಿಸಿ, ಸಂಜೆ ಬಂದು ಮನೆ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದಿರಿ. ಪಾಲಿಕೆಯ ಕೊಳವೆ ಸೋರಿ ಮೂರನೆಯ ಮೆಟ್ಟಿಲು ಸೀಳಿತು. ಅದು ಕಾಣದಿರಲೆಂದು ಕೆಂಪು ಜೆರೇನಿಯಂ ಹೂವಿನ ಕುಂಡ ಇಟ್ಟಿರಿ.

ಪ್ರತಿ ವಸಂತಕ್ಕೆ ಬೀದಿಯ ದೂರುಗಳನ್ನು ಫೋಟೋ ಸಮೇತ ಪಾಲಿಕೆಗೆ ಕಳಿಸುವುದು ನನ್ನ ಕೆಲಸ. ಒಂಬತ್ತು ವರ್ಷದ ಹಿಂದೆ ಅವರೇ ಕೇಳಿದರು, ಏನೇನು ಹಾಳಾಗಿದೆಯೋ ಎಲ್ಲ ಕೊಡಿ ಎಂದು. ಅಯ್ಯೋ ನನ್ನ ಬುದ್ಧಿಯೇ! ರಿಪೇರಿಗೆಂದುಕೊಂಡು ಹಿಗ್ಗಿ, ನಿಮಗೂ ತೋರಿಸದೆ, ನಲವತ್ತೊಂದು ಫೋಟೋ ಕೊಟ್ಟೆ.

ಪಾಲಿಕೆಯವರು ಚರ್ಚಿನ ಹಾಲ್‌ನಲ್ಲಿ ಸಭೆ ಕರೆದು ವರದಿ ಹಂಚಿದರಲ್ಲ, ನೆನಪಿದೆಯೇ? ಅದರ ಮೇಲೆ "ಪಾಳುಬಿದ್ದ ಪ್ರದೇಶ" ಎಂದಿತ್ತು, ಕೆಳಗೆ ನಿಮ್ಮ ಮೆಟ್ಟಿಲಿನ ಚಿತ್ರ, ಕುಂಡವಿಲ್ಲದೆ, ಸೀಳು ಎದ್ದು ಕಾಣುವಂತೆ. ನೀವು ಎದ್ದು ನಿಂತಿರಿ. "ಯಾರ ಮನೇನಪ್ಪಾ ಪಾಳು ಅಂತೀಯ? ನನ್ನ ಕುಂಡ ಎತ್ತಿದ ಕೈ ಯಾವ್ದು, ಮೊದ್ಲು ಅದನ್ನ ತೋರ್ಸು!" ಅಧಿಕಾರಿ ನಕ್ಕ. "ಪಾಳು ಅಂತ ಬರೆದ್ರೇನೇ ಈ ಅಭಿವೃದ್ಧಿ ಯೋಜನೆ ಬರೋದು, ಅಮ್ಮಾ. ತೆರಿಗೆ ದರ ಏರ್ಸಲ್ಲ. ಮನೆ ತೆರಿಗೆಯಲ್ಲಿ ಶಾಲೆಗೆ ಈಗ ಹೋಗೋಷ್ಟು ಹೋಗ್ತಾನೇ ಇರುತ್ತೆ. ಮುಂದೆ ಆಸ್ತಿ ಬೆಲೆ ಏರಿ ಹೆಚ್ಚಿಗೆ ಬರೋ ತೆರಿಗೆ ಮಾತ್ರ ಇಪ್ಪತ್ಮೂರು ವರ್ಷ ನಿಮ್ಮ ಬಡಾವಣೆ ಉದ್ಧಾರಕ್ಕೆ." ನಾವೆಲ್ಲ ಚಪ್ಪಾಳೆ ತಟ್ಟಿದೆವು. ನೀವೊಬ್ಬರು ತಟ್ಟಲಿಲ್ಲ.

ಯೋಜನೆಯ ನಕ್ಷೆಯಲ್ಲಿ ಬಡಾವಣೆಯ ಗೆರೆ ನದಿಯ ದಡದವರೆಗೂ ಹೋಗಿದೆ ಎಂದು ಆಮೇಲೆ ತಿಳಿಯಿತು. ಉದ್ಧಾರವಾಗಿದ್ದು ಅಲ್ಲಿಯ ಗಾಜಿನ ಹೋಟೆಲು. ಅದರ ಥಳಕಿಗೆ ನಮ್ಮ ಮನೆಗಳ ಬೆಲೆ ಏರಿತು, ನಿಮ್ಮ ತೆರಿಗೆಯೂ ಏರಿತು. ಏರಿದ್ದೆಲ್ಲ ಆ ಹೋಟೆಲಿಗೇ ಹೋಯಿತು. ಎಲ್ಲದರ ಬೆಲೆ ದುಪ್ಪಟ್ಟಾದರೂ ಶಾಲೆಗೆ ಹಳೆಯ ಪಾಲೇ. ಮೊದಲು ಗ್ರಂಥಾಲಯ ಮುಚ್ಚಿತು, ಆಮೇಲೆ ನಿಮ್ಮ ಅಡುಗೆಮನೆ, ಕೊನೆಗೆ ಶಾಲೆಯ ಬಾಗಿಲಿಗೇ ಬೀಗ ಬಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ತೆರಿಗೆ ಕಟ್ಟಲಾರದೆ ನೀವು ಮನೆ ಮಾರಿ ತಂಗಿಯ ಊರಿಗೆ ಹೊರಟಿರಿ.

ಮಿಸ್ ಅರ್ಲೀನ್, ಆ ಕೈ ನನ್ನದು. ಸೀಳು ಸರಿಯಾಗಿ ಕಾಣಲಿ, ಬೇಗ ರಿಪೇರಿಯಾಗಲಿ ಎಂದು ಕುಂಡ ಪಕ್ಕಕ್ಕಿಟ್ಟು ಫೋಟೋ ತೆಗೆದವಳು ನಾನೇ. ಸಭೆಯಲ್ಲಿ ನೀವು ಕೇಳಿದಾಗ ನಿಮ್ಮ ಪಕ್ಕದಲ್ಲೇ ಕೂತು ತಲೆ ತಗ್ಗಿಸಿಕೊಂಡಿದ್ದೆ. ಹೊರಡುವ ದಿನ ನೀವು ಆ ಕುಂಡವನ್ನು ನನ್ನ ಕೈಗೇ ಕೊಟ್ಟಿರಿ. "ನಿನ್ನನ್ ಬಿಟ್ರೆ ಇನ್ಯಾರನ್ನ ನಂಬ್ಲೇ ನಾನು?" ಎಂದಿರಿ. ಆಗಲೂ ಬಾಯಿ ಬಿಡಲಿಲ್ಲ. ಅಂದಿನಿಂದ ನೀರು ಹಾಕುವಾಗಲೆಲ್ಲ ಅಳುತ್ತೇನೆ.

ಮನೆ ಕೊಂಡವರು ಅದನ್ನು ಕೆಡವಿ ಹಾಗೇ ಬಿಟ್ಟಿದ್ದಾರೆ. ಹುಲ್ಲಿನ ನಡುವೆ ಮೆಟ್ಟಿಲು ಮಾತ್ರ ಉಳಿದಿದೆ. ಸೀಳನ್ನು ಇವತ್ತಿಗೂ ಯಾರೂ ಮುಚ್ಚಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ನಿಮ್ಮಂತೆಯೇ ಮೆಟ್ಟಿಲು ತೊಳೆದು, ಕುಂಡವನ್ನು ಅದರ ಜಾಗದಲ್ಲಿ ಇಟ್ಟೆ. ಈಗ ಸೀಳು ಕಾಣುವುದಿಲ್ಲ.

ಬೈಯುವುದಿದ್ದರೆ ತಂಗಿಯ ಕೈಯಲ್ಲಿ ಬರೆಸಿ ಕಳಿಸಿ. ಸುಮ್ಮನಿದ್ದು ಮಾತ್ರ ಕೊಲ್ಲಬೇಡಿ. ನಿಮ್ಮ ನೋಯುವ ಮೊಣಕಾಲಿಗೆ ಇನ್ನು ಏರಲು ಯಾವ ಮೆಟ್ಟಿಲೂ ಇಲ್ಲದಂತೆ ದೇವರು ದಾರಿ ಸಮ ಮಾಡಲಿ.

ನಿಮ್ಮ ಬೀದಿಯ ಕಾರ್ಯದರ್ಶಿ,
ಕ್ಲಾಡೆಟ್