ಊದಿದವಳೇ ಬರಲಿ

ಸೋಮವಾರ, ಊಟದ ಬಿಡುವು

ಪ್ರೀತಿಯ ಸಿಳ್ಳೆಗೆ ಮೇಷ್ಟ್ರ ತುಂಬು ಆಶೀರ್ವಾದ.

ಗಾಜು ಊದುವ ಕೆಲಸ ಇನ್ನು ಬೇಡವೆಂದು ನೀನು ಹೇಳಿಕಳಿಸಿದ್ದು ತಲುಪಿತು. ಅದನ್ನು ಮ್ಯಾನೇಜರಿಗೆ ನಾನು ಮುಟ್ಟಿಸಿಲ್ಲ, ಮುಟ್ಟಿಸುವುದೂ ಇಲ್ಲ. 'ಮೇಷ್ಟ್ರೇ, ಅವಳೇ ತನ್ನನ್ನ ಸೋಮಾರಿ ಅಂದ್ಕೊಂಡ್ಬಿಟ್ಟಿದಾಳೆ' ಎಂದು, ಸುದ್ದಿ ತಂದ ನಿಮ್ಮಮ್ಮ ಹೇಳಿದರು. ನನ್ನ ಮೈ ಉರಿದುಹೋಯಿತು.

ಸೋಂಕಿನ ಜ್ವರ ಬಿಟ್ಟು ತಿಂಗಳುಗಳೇ ಕಳೆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಕೈಯಲ್ಲಿ ಇಕ್ಕಳ ಹಿಡಿದದ್ದು ಯಾತಕ್ಕೆಂಬ ಮರೆವು, ಸಂಜೆಯಾದರೆ ಕಲ್ಲು ಹೇರಿದಂಥ ಆಯಾಸ. ಇದನ್ನೆಲ್ಲ ಯಾರಾದರೂ ಬೇಕೆಂದು ತಂದುಕೊಳ್ಳುತ್ತಾರೆಯೇ? ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ವೈದ್ಯರು 'ಮನಸ್ಸು ಗಟ್ಟಿ ಮಾಡ್ಕೊಳಮ್ಮ' ಎಂದರಂತೆ. ಕಾಣದ್ದೆಲ್ಲ ಇಲ್ಲವೆಂದು ತೀರ್ಮಾನಿಸಲು ಅವರಿಗೆ ಅಧಿಕಾರ ಕೊಟ್ಟವರಾರು?

ಮ್ಯಾನೇಜರಂತೂ ಮಿತಿ ಮೀರಿದರು. ಎಲ್ಲರೆದುರು ಊದುಗೊಳವೆಯನ್ನು ನಿನ್ನ ಕೈಗಿತ್ತು, 'ಊದಮ್ಮ, ನೋಡೇಬಿಡೋಣ' ಎಂದರು. ಹಟಕ್ಕೆ ಬಿದ್ದು ನೀನು ಊದಿದ ಸೀಸೆಯ ದುಂಡು ಕಂಡು, ಆ ಸಂಕಟದಲ್ಲೂ ನನಗೆ ಹೆಮ್ಮೆಯಾಯಿತು. 'ಉಸಿರು ಚೆನ್ನಾಗೇ ಇದೆಯಲ್ಲ' ಎಂದು ಅವರು ನಕ್ಕರು. ಅಂದಿನಿಂದ ನೀನು ಹಾಸಿಗೆ ಹಿಡಿದದ್ದು ಅವರ ಗಮನಕ್ಕೇ ಬರಲಿಲ್ಲ. ನಾನು ಬೇಡವೆಂದರೂ ಸೀಸೆಯನ್ನು ಪೂರ್ತಿ ಆರುವ ಮೊದಲೇ, ಸಂಜೆಗೇ ತಣಿಸುವ ಗೂಡಿನಿಂದ ತೆಗೆಸಿ ಒಯ್ದರು. ಈಗದು ಅವರ ಮೇಜಿನ ಮೇಲೆ ನಿನ್ನ ವಿರುದ್ಧ ಸಾಕ್ಷಿಯಾಗಿ ಕೂತಿದೆ.

ಬಿಸಿ ಗಾಜು ನಿಧಾನವಾಗಿ ಆರಬೇಕು. ಅವಸರಿಸಿದರೆ ಹೊರಗೇನೂ ಕಾಣದು, ಒಳಗೆ ಬಿಗಿತ ಉಳಿದಿರುತ್ತದೆ. ನಿನಗೆ ಮೊದಲು ಕಲಿಸಿದ ಪಾಠವೇ ಅದು. ಗಾಜಿಗೆ ಕೊಡುವಷ್ಟು ಬಿಡುವನ್ನು ಅದನ್ನು ಊದುವವರಿಗೆ ಕೊಡಲು ಈ ಕಾರ್ಖಾನೆಗೇನು ದಾಡಿ?

ನೀನು ಸೋಮಾರಿಯಲ್ಲ, ಮಗಳೇ. ದಣಿವಾದಾಗ ನಾಚದೆ ಮಲಗು. ನಿನ್ನ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸಗೊಡೆನು. ನಿನಗೆ ಆ ಹೆಸರು ತಂದ ಸಿಳ್ಳೆ ಕೇಳದೆ ಕುಲುಮೆಮನೆ ಬಿಕೋ ಎನ್ನುತ್ತಿದೆ.

ನಿನ್ನ ದಾರಿ ಕಾಯುತ್ತಿರುವ,
ಮೇಷ್ಟ್ರು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮ್ಯಾನೇಜರು ಕರೆಸಿದರು. ಯಾರೂ ಮುಟ್ಟದೆಯೇ, ಗಿರಾಕಿಗಳೆದುರು ಸೀಸೆ ಟಕ್ಕೆಂದು ಒಡೆದು ಚೂರಾಯಿತಂತೆ. ಅಂಥದ್ದೇ ಇನ್ನೊಂದು ಊದಿಕೊಡಿ ಎಂದರು. 'ಊದಿದವಳೇ ಬರ್ಲಿ ಸಾರ್, ಗುಣ ಆಗಿ' ಎಂದೆ. ಅವರು ಚೂರುಗಳನ್ನು ಒಂದು ಕಾಗದದ ಮೇಲೆ ಒಟ್ಟುಮಾಡಿದರು. ಬಳಿಕ, ಮೊದಲ ಬಾರಿಗೆ, 'ಅವಳಿಗೆ ಎಷ್ಟು ದಿನ ಬೇಕಾಗ್ಬಹುದು?' ಎಂದು ಕೇಳಿದರು. 'ನಂಗೊತ್ತಿಲ್ಲ. ಅವಳನ್ನೇ ಕೇಳಿ' ಎಂದೆ. ನಾಳೆ ನಿಮ್ಮ ಮನೆಗೆ ಬರುತ್ತಾರೆ, ಅದಕ್ಕೇ ಪತ್ರವನ್ನು ಇವತ್ತೇ ಹುಡುಗನ ಕೈಲಿ ಕಳಿಸುತ್ತಿದ್ದೇನೆ. ಎದ್ದು ನಿಲ್ಲಬೇಡ, ಮಲಗಿಕೊಂಡೇ ಹೇಳು.