ಗೀರಿಲ್ಲದ ಹೀಟರ್

ಹನ್ನೆರಡನೇ ತಾರೀಕು, ಮಂಗಳವಾರ. ಫೋನಿನ ರೆಕಾರ್ಡರಿಗೆ ಪಿಸುಮಾತಲ್ಲೇ ಹೇಳ್ತಿದ್ದೀನಿ, ಅಣ್ಣ ಪಕ್ಕದಲ್ಲೇ ಮಲಗಿದ್ದಾನೆ. ಒಡಹುಟ್ಟಿದವನಲ್ಲ, ನನ್ನನ್ನು ಈ ಊರಿಗೆ ಕರೆತಂದು ರಿಪೇರಿ ಅಂಗಡಿಗೆ ಸೇರಿಸಿದವನು.

ಶನಿವಾರ ನಾನು ಟೆಸ್ಟ್ ಮಾಡಿ ಪಾಸು ಮಾಡಿದ ಹೀಟರ್, ಅಂದರೆ ಗೀಸರ್ ಒಳಗೆ ನೀರು ಕಾಯಿಸೋ ಕಾಯಿಲ್, ಇವತ್ತು ವಾಪಸ್ ಬಂತು. ಅದನ್ನು ಕೂರಿಸಿದ ಮನೆಯ ಅಜ್ಜಿಗೆ ನಲ್ಲಿ ಮುಟ್ಟಿದ್ದೇ ಶಾಕ್ ಹೊಡೆದಿದೆ. ಟೆಸ್ಟ್ ಮಾಡೋ ಮೀಟರಿನ ಒಂದು ವೈರ್ ಹೀಟರಿನ ಪಿನ್ನಿಗೆ, ಇನ್ನೊಂದು ಅದರ ಹೊರಮೈಗೆ ಹಿಡಿದೆ. ಕುಂಯ್ ಅಂತು. ಹಾಗೆ ಕೂಗಲೇಬಾರದು, ಕೂಗಿದರೆ ಕರೆಂಟ್ ಹೊರಮೈಗೆ ಸೋರ್ತಿದೆ ಅಂತ. ಶನಿವಾರ ಕೂಗಿರಲಿಲ್ಲ, ದೇವರಾಣೆ.

"ಕಿವಿ ಎಲ್ಲಿ ಅಡವಿಟ್ಟಿದ್ದೆಯೋ? ನಾಳೆಯಿಂದ ಬರಬೇಡ" ಅಂದರು ಅಂಗಡಿ ಯಜಮಾನರು.

"ಹುಡುಗ ಪಾಪ, ಬಿಡಿ ಸಾರ್" ಅಂದ ಅಣ್ಣ. ಪಾಪವಂತೆ!

ಪಾಸು ಮಾಡಿದ್ದಕ್ಕೆಲ್ಲ ನಾನು ಮೊಳೆಯಿಂದ ಸಣ್ಣ ಗೀರು ಹಾಕ್ತೀನಿ, ಅದು ಯಾರಿಗೂ ಗೊತ್ತಿಲ್ಲ. ವಾಪಸ್ ಬಂದದ್ದರಲ್ಲಿ ಗೀರೇ ಇಲ್ಲ. ಶನಿವಾರ ಸಂಜೆಯೇ ನಾನು ಪಾಸು ಮಾಡಿದ್ದನ್ನು ಚೀಲಕ್ಕೆ ಹಾಕಿಕೊಂಡು, ಸೋಮವಾರ ಆ ಮನೆಯಲ್ಲಿ ಹೀಟರ್ ಕೂರಿಸಿ ಬಂದವನು ಅಣ್ಣ.

ನಮ್ಮ ರೂಮಿನ ನಲ್ಲಿಯೂ ಎಷ್ಟೋ ದಿನದಿಂದ ಜುಮ್ ಅಂತಿತ್ತು. "ನಿನ್ನ ಮೈಯಲ್ಲೇ ಕರೆಂಟಿದೆ ಕಣೋ" ಅಂತ ಅಣ್ಣ ನಗ್ತಿದ್ದ. ಭಾನುವಾರ ನಾನು ಬಟ್ಟೆ ಒಗೆಯೋಕೆ ಹೋಗಿ ಬರೋದರೊಳಗೆ ಗೀಸರ್ ತಾನೇ ರಿಪೇರಿ ಮಾಡಿ ಮುಗಿಸಿದ್ದ. ಆಮೇಲೆ ಜುಮ್ ಅನ್ನೋದೇ ನಿಂತುಹೋಯ್ತು. ನಾನೂ ಮೂರ್ಖನ ಹಾಗೆ ಖುಷಿಯಿಂದ ಬಿಸಿನೀರು ಸುರಿದುಕೊಂಡೆ.

ಈಗ ನಮ್ಮ ಗೀಸರ್ ಬಿಚ್ಚಿ ನೋಡಿದರೆ ಸಾಕು. ಒಳಗಿರೋ ಹೀಟರಿನಲ್ಲಿ ನನ್ನ ಗೀರು ಕಂಡರೆ ನನ್ನ ಕೆಲಸ ಉಳಿಯುತ್ತೆ, ಅಣ್ಣ ಉಳಿಯಲ್ಲ. ಸ್ಕ್ರೂಡ್ರೈವರ್ ಕೈಯಲ್ಲೇ ಇದೆ, ಮನಸ್ಸೇ... ತಾಳು, ಗೊರಕೆ ನಿಂತಿತು.

"ಯಾರ ಹತ್ರನೋ ಗುಸುಗುಸು?"

"ಯಾರೂ ಇಲ್ಲಣ್ಣ. ಬಚ್ಚಲಿಗೆ ಹೋಗಿ ಬರ್ತೀನಿ."

"ಹೋಗು. ಗೀಸರ್ ಮಾತ್ರ ಮುಟ್ಟಬೇಡ."