ಅಮ್ಮನ ಪಕ್ಕದ ಕುರ್ಚಿ

ಕೋಚ್ ಸರ್ ಅವರಿಗೆ ನಮಸ್ಕಾರ.

ನಿಮ್ಮ ತಂಡ ಬಿಟ್ಟು ಎದುರಾಳಿ ತಂಡ ಸೇರಿದ್ದೇನೆ. ಬರುವ ಸೋಮವಾರದ ನಮ್ಮಿಬ್ಬರ ತಂಡಗಳ ಪಂದ್ಯದಲ್ಲಿ ನಿಮ್ಮ ಮಗ ಆರಂಭಿಕ ಬ್ಯಾಟ್ಸ್‌ಮನ್ ಆಗಿ ಬರುತ್ತಾನೆ. ಹೊಸ ಚೆಂಡು ನನ್ನ ಕೈಯಲ್ಲಿರುತ್ತದೆ.

ನನ್ನ ಮೊದಲ ಪ್ರಥಮ ದರ್ಜೆ ಪಂದ್ಯದ ಕೊನೆಯ ದಿನ ಬೆಳಿಗ್ಗೆ ಅಪ್ಪ ತೀರಿಕೊಂಡರು. ಅಮ್ಮ ನಿಮಗೆ ಫೋನ್ ಮಾಡಿ ಹೇಳಿದ್ದಳು. ನೀವು ನನಗೆ ಹೇಳಲಿಲ್ಲ. ನಾನು ಅರ್ಧ ಶತಕ ಹೊಡೆದು, ಮಧ್ಯಾಹ್ನ ಐದು ವಿಕೆಟ್ ಕಿತ್ತು, ನಗುತ್ತಾ ಒಳಗೆ ಬಂದ ಮೇಲೆ ಹೇಳಿದಿರಿ.

"ಬೆಳಿಗ್ಗೇನೇ ಹೇಳಿದ್ರೆ ನಮ್ಮ ಜೋಡೆತ್ತು ಗಾಡಿ ಬಿಟ್ಟು ಓಡ್ತಿತ್ತಲ್ಲೋ" ಎಂದು ಬೆನ್ನು ತಟ್ಟಿದಿರಿ. ಬ್ಯಾಟಿಂಗ್, ಬೌಲಿಂಗ್ ಎರಡನ್ನೂ ಒಬ್ಬನೇ ಎಳೆಯುತ್ತೇನೆಂದು ನೀವು ನನಗಿಟ್ಟ ಹೆಸರು ಅದು.

ನಾನು ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಮಂಚವನ್ನೂ ತೊಳೆದು ಒಣಗಲು ಇಟ್ಟಿದ್ದರು. ಅಮ್ಮ ಬಾಗಿಲಲ್ಲೇ, "ಆಟ ಮುಗೀತೇನಪ್ಪಾ?" ಎಂದಳು. ಸುದ್ದಿ ಗೊತ್ತಿದ್ದೂ ನಾನು ಆಡಿದೆ ಎಂದೇ ಇವತ್ತಿಗೂ ನಂಬಿದ್ದಾಳೆ. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸೋಮವಾರ ಅವಳನ್ನು ಮೈದಾನಕ್ಕೆ ಕರೆತರುತ್ತೇನೆ. ಅವಳ ಪಕ್ಕದ ಕುರ್ಚಿ ನಿಮಗೆ. ನಿಮ್ಮ ಮಗ ಔಟಾಗುವುದರೊಳಗೆ ನಡೆದದ್ದನ್ನು ನೀವೇ ಹೇಳಿ ಮುಗಿಸಿ. ಕೂತ ಕೂಡಲೇ ಶುರು ಮಾಡಿ ಸರ್. ಹೆಚ್ಚು ಹೊತ್ತು ಸಿಗುವುದಿಲ್ಲ.

ಇತಿ,
ನಿಮ್ಮ ಹಳೆಯ ಜೋಡೆತ್ತು